ಹಡಗಿನಿಂದ ಮೇಜಿಗೆ: ಹಿಂದೂ ಮಹಾಸಾಗರ ಅನ್ವೇಷಣೆಯಲ್ಲಿ ಕೊಚ್ಚಿಯ ಪಾತ್ರ

ಸಾಗರ ವಿಜ್ಞಾನದ ಚರಿತ್ರೆಯನ್ನು ಹಡಗುಗಳ ಚರಿತ್ರೆಯಾಗಿ ಬರೆಯುವುದು ರೂಢಿ. ಆ ಕಥೆ ಸಾಮಾನ್ಯವಾಗಿ 1872ರಲ್ಲಿ ಹೊರಟ ಬ್ರಿಟಿಷ್ ಹಡಗು ‘ಚಾಲೆಂಜರ್’ನಿಂದ ಶುರುವಾಗುತ್ತದೆ. ನಮ್ಮ ಕಡಲಿನ ಮಟ್ಟಿಗೆ ಅದರಿಂದ ಹೆಚ್ಚೇನೂ ಸಿಗಲಿಲ್ಲ. 1873ರ ಡಿಸೆಂಬರಿನಲ್ಲಿ ಆಫ್ರಿಕದ ಕೇಪ್ ಬಿಟ್ಟ ಹಡಗು ಕೆರ್ಗ್ಯುಲೆನ್ ದ್ವೀಪದ ಮೂಲಕ ಮೆಲ್ಬರ್ನ್ ಸೇರಿತು. ಅರಬ್ಬಿ ಸಮುದ್ರದತ್ತ, ಬಂಗಾಳ ಕೊಲ್ಲಿಯತ್ತ ತಲೆಹಾಕಲಿಲ್ಲ. ಆ ಕೊರತೆಯನ್ನು ಕೊಂಚ ತುಂಬಿದವರು ಭಾರತದ ಸಾಗರ ಸರ್ವೇಕ್ಷಣೆಯ ‘ಇನ್ವೆಸ್ಟಿಗೇಟರ್’ ಹಡಗಿನಲ್ಲಿ ವೈದ್ಯರಾಗಿದ್ದುಕೊಂಡೇ ಜೀವಿಗಳನ್ನು ಸಂಗ್ರಹಿಸಿದ ಆಲ್ಫ್ರೆಡ್ ಆಲ್ಕಾಕ್‌ರಂಥವರು. ಮುಂದೆ 1933–34ರಲ್ಲಿ ಸೆಮೂರ್ ಸೀವೆಲ್ ನಾಯಕತ್ವದಲ್ಲಿ ಈಜಿಪ್ಟಿನ ‘ಮಬಾಹಿಸ್’ ಹಡಗು ಅರಬ್ಬಿ ಸಮುದ್ರವನ್ನು ಜಾಲಾಡಿತು. ಅರೇಬಿಯದ ಕರಾವಳಿಯಾಚೆ ಕೆಲವು ಆಳಗಳಲ್ಲಿ ಬಲೆಗೆ ಜೀವಿಗಳೇ ಬೀಳಲಿಲ್ಲ. ಮೇಲೆ ಬಂದದ್ದು ಕೊಳೆತ ಮೊಟ್ಟೆಯ ನಾತದ ಹಸಿರು ಕೆಸರು. ಆಮ್ಲಜನಕ ತೀರಾ ಕಡಿಮೆಯಿರುವ ನೀರಿನ ಪದರವೊಂದು ಅಲ್ಲಿ ಹಾಸಿಕೊಂಡಿದೆ ಎಂಬುದಕ್ಕೆ ಅದು ಆರಂಭದ ಸಾಕ್ಷ್ಯಗಳಲ್ಲೊಂದು.

ಇಷ್ಟಾದರೂ 1950ರ ದಶಕದ ಕೊನೆಯಲ್ಲಿ ಹಿಂದೂ ಮಹಾಸಾಗರವೇ ಎಲ್ಲಕ್ಕಿಂತ ಅಪರಿಚಿತ ಸಾಗರವಾಗಿತ್ತು. ಮುಂಗಾರು, ಹಿಂಗಾರುಗಳಿಗೆ ತಕ್ಕಂತೆ ಪ್ರವಾಹಗಳೇ ದಿಕ್ಕು ಬದಲಿಸುವ ಕಡಲು ಇದು. ಗಾಳಿ ಮತ್ತು ನೀರಿನ ನಂಟನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವಂತಿರಲಿಲ್ಲ. ಅಮೆರಿಕದ ಸಾಗರ ವಿಜ್ಞಾನಿ ರೋಜರ್ ರೆವೆಲ್ ಮುಂತಾದವರು ಇನ್ನೊಂದು ಕಾರಣವನ್ನೂ ಮುಂದಿಟ್ಟರು: ಸುತ್ತಲಿನ ಬಡ ದೇಶಗಳ ಜನರಿಗೆ ಮೀನಿನ ಪ್ರೋಟೀನು ಸಿಗಬಹುದು. ಹೀಗೆ ಹುಟ್ಟಿದ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಅನ್ವೇಷಣೆ 1959ರಿಂದ 1965ರವರೆಗೆ ನಡೆಯಿತು. ಹತ್ತಕ್ಕೂ ಹೆಚ್ಚು ದೇಶಗಳ ಸುಮಾರು 40 ಹಡಗುಗಳು ಪಾಲ್ಗೊಂಡವು. ಎಲ್ಲರೂ ಒಪ್ಪಿದ ಯೋಜನೆಯೇನೂ ಅಲ್ಲ. ಪ್ರವಾಹಗಳ ಸಿದ್ಧಾಂತಿ ಹೆನ್ರಿ ಸ್ಟೊಮೆಲ್ ‘ಇಂಡಿಯನ್ ಓಷನ್ ಬಬಲ್’ ಎಂಬ ಕುಚೋದ್ಯದ ವಾರ್ತಾಪತ್ರದಲ್ಲಿ ಇದರ ಹೊಂದಿಕೆಯಿಲ್ಲದ ಸ್ವರೂಪವನ್ನು ಚುಚ್ಚಿದರು. ಆ ಟೀಕೆಯಲ್ಲಿ ಹುರುಳಿತ್ತು ಎಂದೇ ನನ್ನ ಅಭಿಪ್ರಾಯ.

ಹಡಗುಗಳಂತೂ ಬಗೆಬಗೆಯವು. ಅಮೆರಿಕದ ‘ಆಂಟನ್ ಬ್ರೂನ್’ ಹಿಂದೊಮ್ಮೆ ಅಧ್ಯಕ್ಷ ಟ್ರೂಮನ್‌ರ ವಿಹಾರ ನೌಕೆ. ಭಾರತದ ಬಳಿ ಇಂಥ ಕೆಲಸಕ್ಕೆಂದೇ ಕಟ್ಟಿದ ದೊಡ್ಡ ಹಡಗು ಇರಲಿಲ್ಲ. ನೌಕಾಪಡೆಯ ಐಎನ್ಎಸ್ ‘ಕಿಸ್ತ್ನಾ’ ಎಂಬ ಯುದ್ಧನೌಕೆಯಲ್ಲೇ ಪ್ರಯೋಗಾಲಯ ಹೂಡಲಾಯಿತು. ಜೊತೆಗೆ ಇಂಡೋ–ನಾರ್ವೇಜಿಯನ್ ಯೋಜನೆಯ ‘ವರುಣ’, ಕೇರಳ ವಿಶ್ವವಿದ್ಯಾಲಯದ ‘ಕಾಂಚ್’ ಇದ್ದವು. ಹಡಗುಗಳನ್ನೇ ಅಳತೆಗೋಲಾಗಿ ಹಿಡಿದರೆ ಭಾರತದ್ದು ಸಣ್ಣ ಪಾತ್ರ. ಈ ಲೇಖನ ತಕರಾರು ಎತ್ತುವುದು ಆ ಅಳತೆಗೋಲಿನ ಬಗ್ಗೆಯೇ.

ಅನ್ವೇಷಣೆಯ ಹಡಗುಗಳು ಪ್ಲವಕಗಳನ್ನು, ಅಂದರೆ ನೀರಿನಲ್ಲಿ ತೇಲುತ್ತ ಸಾಗುವ ಸೂಕ್ಷ್ಮ ಜೀವಿಗಳನ್ನು, ಒಂದೇ ಬಗೆಯ ಬಲೆಯಲ್ಲಿ ಹಿಡಿಯಬೇಕೆಂದು ಗೊತ್ತುಮಾಡಲಾಯಿತು. ಬಲೆಯ ಬಾಯಿ 1 ಚದರ ಮೀಟರ್, ಕಣ್ಣು 0.33 ಮಿಲಿಮೀಟರ್, ಅದನ್ನು 200 ಮೀಟರ್ ಆಳದಿಂದ ನೇರ ಮೇಲಕ್ಕೆ ಎಳೆಯಬೇಕು. ಈ ಮಾದರಿಗಳು ಆಯಾ ದೇಶಗಳ ಪಾಲಾಗದೆ ಒಂದೇ ಕಡೆ ಸೇರಿದವು: ಕೊಚ್ಚಿಯ ಹಿಂದೂ ಮಹಾಸಾಗರ ಜೈವಿಕ ಕೇಂದ್ರದಲ್ಲಿ. ಯುನೆಸ್ಕೋ ನೆರವಿನ ಈ ಕೇಂದ್ರದ ಬೆನ್ನಿಗಿದ್ದವರು ಭಾರತದ ಕಾರ್ಯಕ್ರಮದ ನಿರ್ದೇಶಕ ಎನ್. ಕೆ. ಪಣಿಕ್ಕರ್, ಮಂಡಪಂನ ಕೇಂದ್ರ ಸಾಗರ ಮೀನುಗಾರಿಕಾ ಸಂಸ್ಥೆಯನ್ನು ಮೊದಲೇ ನಡೆಸಿ ಅನುಭವವಿದ್ದವರು.

ಅಲ್ಲಿನ ಕೆಲಸದಲ್ಲಿ ಸಾಹಸದ ಸೊಗಸೇನೂ ಇಲ್ಲ. ಫಾರ್ಮಲಿನ್ ಜಾಡಿ ತೆರೆದು, ಅದರಲ್ಲಿರುವ ಜೀವರಾಶಿಯ ಗಾತ್ರವನ್ನು ಅದು ಸರಿಸಿದ ದ್ರವದ ಲೆಕ್ಕದಲ್ಲಿ ಅಳೆಯಬೇಕು. ಆಮೇಲೆ ಮಾದರಿಯನ್ನು ಸಮಭಾಗ ಮಾಡಿ, ಒಂದು ಪಾಲನ್ನು ಗಾಜಿನ ತಟ್ಟೆಗೆ ಸುರಿದು, ಸೂಕ್ಷ್ಮದರ್ಶಕದಡಿ ಸೂಜಿ, ಪಿಪೆಟ್ಟುಗಳಿಂದ ಬೇರೆಬೇರೆ ಮಾಡಬೇಕು: ಬಾಣದ ಹುಳುಗಳು ಒಂದು ಶೀಷೆಗೆ, ಮೀನಿನ ಮರಿಗಳು ಇನ್ನೊಂದಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ಸಿಗುವ, ಅಕ್ಕಿನುಚ್ಚಿಗಿಂತ ಸಣ್ಣ, ಸೀಗಡಿಯ ಬಳಗದ ಕೊಪೆಪಾಡ್‌ಗಳು ಮತ್ತೊಂದಕ್ಕೆ. ಹೀಗೆ ವಿಂಗಡಿಸಿದ ಗುಂಪುಗಳನ್ನು ಆಯಾ ತಜ್ಞರ ಅಧ್ಯಯನಕ್ಕೆ ಒದಗಿಸಲಾಯಿತು. ಪ್ಲವಕ ಎಲ್ಲೆಲ್ಲಿ ಎಷ್ಟಿದೆ ಎಂಬ ನಕ್ಷೆಗಳೂ ಅಚ್ಚಾದವು. ಈ ಮೇಜುಗಳ ಮುಂದೆ ಕುಳಿತು ಪಳಗಿದ ಯುವ ವಿಜ್ಞಾನಿಗಳೇ ಅನ್ವೇಷಣೆಯಿಂದ ದೇಶಕ್ಕಾದ ದೊಡ್ಡ ಗಳಿಕೆ. 1966ರ ಜನವರಿ 1ರಂದು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿದಾಗ ಪಣಿಕ್ಕರ್ ಅದರ ಮೊದಲ ನಿರ್ದೇಶಕರಾದರು, ಕೊಚ್ಚಿ ಕೇಂದ್ರ ಅದರ ಅಂಗವಾಯಿತು. ಸಂಸ್ಥೆಗೆ ತನ್ನದೇ ಹಡಗು ‘ಗವೇಷಣಿ’ ದಕ್ಕಿದ್ದು 1976ರಲ್ಲಿ. ಮೇಜು ಮೊದಲು, ಹಡಗು ಆಮೇಲೆ.

ಜನಸಾಮಾನ್ಯರಿಗೆ ತಲುಪಿದ್ದು ಬೇರೆಯೇ ಫಲ. ಅನ್ವೇಷಣೆಯ ಆಳದ ಅಳತೆಗಳನ್ನೂ ಬಳಸಿಕೊಂಡು ಬ್ರೂಸ್ ಹೀಜನ್ ಮತ್ತು ಮೇರಿ ಥಾರ್ಪ್ ಹಿಂದೂ ಮಹಾಸಾಗರದ ತಳವನ್ನು ಚಿತ್ರಿಸಿದರು. ಆಸ್ಟ್ರಿಯದ ಕಲಾವಿದ ಹೈನ್ರಿಷ್ ಬೆರಾನ್ ಅದಕ್ಕೆ ಬಣ್ಣ ತುಂಬಿದ ನಕ್ಷೆ 1967ರ ಅಕ್ಟೋಬರಿನಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯ ಜೊತೆ ಓದುಗರ ಮನೆ ಸೇರಿತು. ನೀರನ್ನೆಲ್ಲ ಬಸಿದಂತೆ ಕಾಣುವ ಕಡಲತಳ, ಅದರಲ್ಲಿ 90ನೇ ಪೂರ್ವ ರೇಖಾಂಶದುದ್ದಕ್ಕೂ ಗೆರೆ ಎಳೆದಂತೆ ಚಾಚಿದ ಪರ್ವತಸಾಲು: ಸಾಗರ ಶಿಕ್ಷಣದಲ್ಲಿ ಇಷ್ಟು ಪರಿಣಾಮ ಬೀರಿದ ಚಿತ್ರಗಳು ಕಡಿಮೆ. ಕೊಚ್ಚಿಯ ಪ್ಲವಕ ನಕ್ಷೆಗಳಿಗೆ ಆ ಯೋಗ ಕೂಡಿಬರಲಿಲ್ಲ. ಕಾರವಾರ, ಮಲ್ಪೆಯ ದಕ್ಕೆಗಳಿಗೆ ಬರುವ ಬಂಗುಡೆ ಪ್ಲವಕ ತಿಂದೇ ಬೆಳೆಯುವ ಮೀನು. ಹಾಗಾಗಿ ಆ ನಕ್ಷೆಗಳು ಮೀನುಗಾರರಿಗೆ ಸಂಬಂಧಪಡದ ವಿಷಯವೇನಲ್ಲ. ಅವರ ಭಾಷೆಗಳಿಗೆ ಇಳಿಯದೆ ಅವು ತಜ್ಞರ ಕಪಾಟಿನಲ್ಲೇ ಉಳಿದವು.

ಬಲೆಯಲ್ಲೂ ದೋಷವಿತ್ತು. ಅರಬ್ಬಿ ಸಮುದ್ರದಲ್ಲಿ ಸಸ್ಯಪ್ಲವಕ ಋತುವಿನಿಂದ ಋತುವಿಗೆ ಏರಿಳಿದರೂ ಮೇಲ್ಪದರದ ಪ್ರಾಣಿಪ್ಲವಕದ ರಾಶಿ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುವುದು ಹೇಗೆ? 1990ರ ದಶಕದಲ್ಲಿ ಸಾಗರ ವಿಜ್ಞಾನಿ ಎಂ. ಮಧುಪ್ರತಾಪ್ ಮತ್ತು ಸಂಗಡಿಗರು ಈ ಒಗಟನ್ನು ಕೈಗೆತ್ತಿಕೊಂಡರು. ಸಸ್ಯಪ್ಲವಕ ಸೊರಗುವ ತಿಂಗಳುಗಳಲ್ಲಿ ಬ್ಯಾಕ್ಟೀರಿಯಾ ಮತ್ತು ಅವನ್ನು ತಿನ್ನುವ ಅತಿಸೂಕ್ಷ್ಮ ಪ್ರಾಣಿಗಳು ಆಹಾರ ಸರಪಳಿಯನ್ನು ನಡೆಸುತ್ತವೆ ಎಂಬುದು ಅವರು ಕೊಟ್ಟ ವಿವರಣೆ. ಆ ಪ್ರಾಣಿಗಳು 0.33 ಮಿಲಿಮೀಟರ್ ಕಣ್ಣಿನಲ್ಲಿ ಸಲೀಸಾಗಿ ನುಸುಳಿಹೋಗುವಷ್ಟು ಸಣ್ಣವು. 1960ರ ದಶಕದ ಜಾಡಿಗಳಲ್ಲಿ ಅವುಗಳ ಲೆಕ್ಕ ಸಿಗುವಂತಿರಲಿಲ್ಲ.