ಸಮಾಜಕಾರ್ಯದ ಪಠ್ಯದಲ್ಲಿ ಸೇರಬೇಕಾದ ಒಂದು ಪತ್ರ

ಬಿಎಸ್‌ಡಬ್ಲ್ಯೂ ಓದೋ ಹುಡುಗ ಹುಡುಗೀರು ಸಿಕ್ಕಾಗಲೆಲ್ಲ ನಾನು ಕೇಳೋ ಪ್ರಶ್ನೆ ಒಂದೇ: "ಸಮಾಜಕಾರ್ಯದ ಚರಿತ್ರೆಯನ್ನ ಎಲ್ಲಿಂದ ಶುರು ಮಾಡಿದ್ರು?" ಉತ್ತರಾನೂ ಹೆಚ್ಚುಕಡಿಮೆ ಒಂದೇ. 1884ರ ಲಂಡನ್ನಿನ ಟಾಯ್ನ್‌ಬಿ ಹಾಲ್. 1889ರಲ್ಲಿ ಚಿಕಾಗೋದಲ್ಲಿ ಜೇನ್ ಆಡಮ್ಸ್ ಕಟ್ಟಿದ ಹಲ್ ಹೌಸ್. ಆಮೇಲೆ ನೇರ 1936ರ ಬಾಂಬೆ. ಕ್ಲಿಫರ್ಡ್ ಮ್ಯಾನ್ಷಾರ್ಟ್ ನೇತೃತ್ವದಲ್ಲಿ ಶುರುವಾದ, ಇವತ್ತು ನಾವು ಟಿಸ್ ಅಂತ ಕರೆಯೋ ಸಂಸ್ಥೆ. ಇದರಲ್ಲಿ ಸುಳ್ಳೇನಿಲ್ಲ. ಎಲ್ಲಾ ಓದಲೇಬೇಕಾದ್ದೇ. ಆದ್ರೆ ಈ ಸಾಲಲ್ಲಿ ಒಂದು ಪತ್ರ ಬಿಟ್ಟುಹೋಗಿದೆ. ಅದನ್ನ ಓದದೆ ಈ ದೇಶದಲ್ಲಿ ಸಮಾಜಕಾರ್ಯ ಅಂದ್ರೇನು ಅಂತ ತಿಳಿಯೋದು ಕಷ್ಟ.

1932ರ ಸೆಪ್ಟೆಂಬರ್ 24ಕ್ಕೆ ಪೂನಾ ಒಪ್ಪಂದ ಆಯ್ತು. ಆರೇ ದಿನಕ್ಕೆ ಬಾಂಬೆಯಲ್ಲಿ ಅಸ್ಪೃಶ್ಯತಾ ವಿರೋಧಿ ಸಂಘ ಹುಟ್ಟಿತು. ಜಿ.ಡಿ. ಬಿರ್ಲಾ ಅಧ್ಯಕ್ಷರು, ಎ.ವಿ. ಠಕ್ಕರ್ ಕಾರ್ಯದರ್ಶಿ. ಇದೇ ಮುಂದೆ ಹರಿಜನ ಸೇವಕ ಸಂಘ ಆಗಿದ್ದು. ನವೆಂಬರ್ 14ರಂದು, ಮೂರನೇ ದುಂಡುಮೇಜಿನ ಪರಿಷತ್ತಿಗೆ ಹಡಗಲ್ಲಿ ಹೊರಟಿದ್ದ ಬಾಬಾಸಾಹೇಬರು ಠಕ್ಕರ್ ಅವರಿಗೆ ಒಂದು ದೀರ್ಘ ಪತ್ರ ಬರೆದರು.

ಪತ್ರದ ಸಾರ ನನ್ನ ಮಾತಲ್ಲಿ ಹೇಳ್ತೀನಿ. ದಲಿತರ ಏಳಿಗೆಗೆ ದುಡಿಯೋರಲ್ಲಿ ಎರಡು ಬಗೆ. ಒಬ್ಬ ಮನುಷ್ಯ ಕಷ್ಟದಲ್ಲಿದ್ದರೆ ತಪ್ಪು ಅವನ ನಡತೆಯಲ್ಲೇ ಇದೆ ಅಂತ ನಂಬೋರು ಒಂದು ಕಡೆ. ಅವರು ಕುಡಿತ ಬಿಡಿಸೋಕೆ, ವ್ಯಾಯಾಮಶಾಲೆ, ವಾಚನಾಲಯ ತೆರೆಯೋಕೆ ಹೊರಡ್ತಾರೆ. ಮನುಷ್ಯನ ಬದುಕನ್ನ ಅವನ ಸುತ್ತಲ ಸಮಾಜವೇ ತೀರ್ಮಾನಿಸುತ್ತೆ ಅನ್ನೋರು ಇನ್ನೊಂದು ಕಡೆ. ಬಾಬಾಸಾಹೇಬರು ಎರಡನೆಯದೇ ಸರಿ ಅಂದರು. ಒಬ್ಬೊಬ್ಬರನ್ನ ತಿದ್ದೋದರಲ್ಲಿ ಶಕ್ತಿ ಕಳೀಬೇಡಿ, ಇಡೀ ವರ್ಗವನ್ನ ಮೇಲೆತ್ತೋ ಕೆಲಸ ಮಾಡಿ ಅಂತ ಬರೆದರು.

ಬರೀ ಸಿದ್ಧಾಂತ ಹೇಳಿ ಬಿಡಲಿಲ್ಲ, ಕಾರ್ಯಕ್ರಮಾನೂ ಕೊಟ್ಟರು. ಬಾವಿ, ಊರಶಾಲೆ, ಚಾವಡಿಗಳಲ್ಲಿ ನಾಗರಿಕ ಹಕ್ಕು ಸಿಗಬೇಕು. ಅದಕ್ಕೆ ಹಳ್ಳಿಹಳ್ಳಿಯಲ್ಲಿ ಕಾರ್ಯಕರ್ತರ ಪಡೆ ಬೇಕು. ಕೆಲಸದಲ್ಲಿ ಸಮಾನ ಅವಕಾಶ ಸಿಗಬೇಕು. ಬಾಂಬೆಯ ಬಟ್ಟೆ ಗಿರಣಿಗಳಲ್ಲಿ ಒಳ್ಳೆ ಕೂಲಿ ಸಿಗ್ತಿದ್ದ ನೇಯ್ಗೆ ವಿಭಾಗಕ್ಕೆ ನಮ್ಮವರನ್ನ ಬಿಡ್ತಿರಲಿಲ್ಲ. ಲಾಳಿಗೆ ನೂಲನ್ನ ಬಾಯಿಂದ ಎಳೀಬೇಕಿತ್ತು, ಅಸ್ಪೃಶ್ಯರ ಎಂಜಲು ತಾಕುತ್ತೆ ಅನ್ನೋದು ಕಾರಣ. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿಯೇ ಉಳೀಬೇಕಿತ್ತು, ಪೋರ್ಟರ್ ಕೆಲಸಾನೂ ಸಿಗ್ತಿರಲಿಲ್ಲ. ಯಾಕಂದ್ರೆ ಪೋರ್ಟರ್ ಸ್ಟೇಷನ್ ಮಾಸ್ತರರ ಮನೆಗೆಲಸಾನೂ ಮಾಡಬೇಕಿತ್ತು. ಇನ್ನು ಮೂರನೆಯದು, ಮನೆಯೊಳಗೆ ಸೇರಿಸ್ಕೊಳ್ಳೋದು, ಒಟ್ಟಿಗೆ ಬಾಳೋದು. ಕೊನೆಗೆ ಈ ಕೆಲಸ ಮಾಡೋರು ಯಾರು ಅನ್ನೋ ಪ್ರಶ್ನೆ. ಸಂಬಳಕ್ಕೆ ದುಡಿಯೋರು ಸಾಲದು, ಪ್ರೀತಿ ಇರೋರು ಬೇಕು. ಹಾಗಾಗಿ ಕಾರ್ಯಕರ್ತರು ಆದಷ್ಟೂ ಅಸ್ಪೃಶ್ಯರಿಂದಲೇ ಬರಲಿ ಅಂದರು.

ಪತ್ರ ತಲುಪಿದೆ ಅನ್ನೋ ಒಂದು ಸಾಲಿನ ಉತ್ತರಾನೂ ಬರಲಿಲ್ಲ ಅಂತ ಬಾಬಾಸಾಹೇಬರು 1945ರ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಸಂಘದ ಆಡಳಿತದಲ್ಲಿ ನಮಗೂ ಜಾಗ ಕೊಡಿ ಅಂತ ಕೇಳಿದವರಿಗೆ ಗಾಂಧೀಜಿ ಕೊಟ್ಟ ಕಾರಣ, ಇದು ಸವರ್ಣರ ಪ್ರಾಯಶ್ಚಿತ್ತ, ಸಾಲ ತೀರಿಸಬೇಕಾದವರು ಅವರು, ಆದ್ದರಿಂದ ನಡೆಸೋರೂ ಅವರೇ ಅನ್ನೋದು.

ಸಾಲ ತೀರಿಸೋರ ಕಡೆ ಮಾತ್ರ ನೋಡಿದ ವಾದ ಇದು. ಸಾಲ ಕೊಟ್ಟವನಿಗೆ ಲೆಕ್ಕ ಕೇಳೋ ಹಕ್ಕೇ ಇಲ್ವಾ? ಸೇವೆ ಮತ್ತು ಸಮಾಜಕಾರ್ಯ ಬೇರೆಯಾಗೋದು ಇಲ್ಲೇ. ಸೇವೆಯಲ್ಲಿ ಕೊಡೋನ ಮನಸ್ಸು ಶುದ್ಧವಾದ್ರೆ ಸಾಕು. ಸಮಾಜಕಾರ್ಯದಲ್ಲಿ ಎದುರಿಗಿರೋನ ಹಕ್ಕು ಗಟ್ಟಿಯಾಗಬೇಕು.

ಈಗ ನಿಮ್ಮ ಪಠ್ಯಕ್ಕೆ ಬನ್ನಿ. ಅಮೆರಿಕದ ಪಾದ್ರಿ ಫೆಲಿಕ್ಸ್ ಬಿಯೆಸ್ಟೆಕ್ 1957ರಲ್ಲಿ ವ್ಯಕ್ತಿಗತ ಸಮಾಜಕಾರ್ಯದ ಏಳು ತತ್ವಗಳನ್ನ ಬರೆದರು. ಸೇವಾರ್ಥಿಯನ್ನ ಇದ್ದ ಹಾಗೇ ಒಪ್ಪಿಕೊಳ್ಳೋದು, ಅವನ ಮೇಲೆ ತೀರ್ಪು ಕೊಡದೆ ಇರೋದು, ಗುಟ್ಟು ಕಾಪಾಡೋದು, ತನ್ನ ಬದುಕಿನ ನಿರ್ಧಾರ ಅವನೇ ತಗೊಳ್ಳೋ ಹಕ್ಕು, ಹೀಗೆ. ಪರೀಕ್ಷೆಗೆ ಬಾಯಿಪಾಠ ಮಾಡ್ತೀರಿ. ಆ ಸ್ವನಿರ್ಣಯದ ತತ್ವವನ್ನ ಒಬ್ಬ ವ್ಯಕ್ತಿಗಲ್ಲ, ಇಡೀ ಸಮುದಾಯಕ್ಕೆ ಕೇಳಿದ ಪತ್ರ ಅದಕ್ಕೂ 25 ವರ್ಷ ಮೊದಲೇ ಬಂದಿತ್ತು.

ಬಾಬಾಸಾಹೇಬರು ಮೇಲ್ಜಾತಿಯವರು ಬರಲೇಬೇಡಿ ಅಂದಿದ್ದರಾ? ಇಲ್ಲ. 1924ರಲ್ಲಿ ಅವರು ಕಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭೆಗೆ ಚಿಮನ್‌ಲಾಲ್ ಸೆಟಲ್ವಾಡ್ ಅಧ್ಯಕ್ಷರಾಗಿದ್ದರು. ಆದರೆ ಕೆಲಸದ ದಿಕ್ಕು ತೀರ್ಮಾನ ಮಾಡ್ತಿದ್ದ ಕಾರ್ಯಕಾರಿ ಸಮಿತಿಯ ಮುಖ್ಯಸ್ಥರು ಬಾಬಾಸಾಹೇಬರೇ. ಆ ಸಭೆ ಸೊಲ್ಲಾಪುರದಲ್ಲಿ ಹಾಸ್ಟೆಲ್ ನಡೆಸಿತು. ಅಷ್ಟಕ್ಕೇ ನಿಲ್ಲದೆ, ಬಾಬಾಸಾಹೇಬರು 1927ರ ಮಾರ್ಚ್ 20ಕ್ಕೆ ಮಹಾಡದ ಕೆರೆಗೂ ಜನರನ್ನ ಕರ್ಕೊಂಡು ಹೋದರು. ಹಾಸ್ಟೆಲ್ಲೂ ಬೇಕು, ಕೆರೆಯೂ ಬೇಕು.

ಈ ದಾರಿ ಅವರಿಗಿಂತ ಹಿಂದಿನದು. 1868ರಲ್ಲಿ ಜೋತಿಬಾ ತಮ್ಮ ಮನೆಯ ನೀರಿನ ತೊಟ್ಟಿಯನ್ನ ಅಸ್ಪೃಶ್ಯರಿಗೆ ತೆರೆದರು. ಪ್ಲೇಗ್ ರೋಗಿಗಳ ಆರೈಕೆ ಮಾಡ್ತಾ ತಮಗೂ ಸೋಂಕು ತಗುಲಿ ಸಾವಿತ್ರಿಬಾಯಿ 1897ರ ಮಾರ್ಚ್ 10ರಂದು ತೀರಿಕೊಂಡರು. ಅದೇ ವರ್ಷ ನಮ್ಮ ಮಂಗಳೂರಲ್ಲಿ ಕುದ್ಮುಲ್ ರಂಗರಾಯರು ದಲಿತೋದ್ಧಾರಕ್ಕೆ ಮಿಷನ್ ಕಟ್ಟಿದರು. ಸಾರಸ್ವತ ಬ್ರಾಹ್ಮಣರಾಗಿದ್ದ ಅವರಿಗೆ ಸ್ವಜಾತಿಯವರೇ ಬಹಿಷ್ಕಾರ ಹಾಕಿದರು. ತಮ್ಮ ಹೆಣವನ್ನ ತೋಟಿಗಳೇ ಹೊರಬೇಕು ಅಂತ ಅವರು ಬಯಸಿದ್ದರು. ತಾನು ಕಳೆದುಕೊಂಡ ಮೇಲೇ ಮಾತಾಡಿದ ಮನುಷ್ಯ, ಅದಕ್ಕೇ ನಮಗೆ ಅವರ ಮೇಲೆ ಗೌರವ.

ನಮ್ಮ ಕಾಲಕ್ಕೂ ಬರೋಣ. ಕೆಜಿಎಫ್‌ನ ಮಲ ಹೊರುವ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಸಂಗಾತಿಗಳು ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. ಒಣ ಪಾಯಿಖಾನೆಗಳನ್ನ ಲೆಕ್ಕ ಹಾಕಿದರು, ದಾಖಲೆ ಕೂಡಿಸಿದರು, ಹೆಣ್ಣುಮಕ್ಕಳು ತಾವು ಹೊರ್ತಿದ್ದ ಬುಟ್ಟಿಗಳನ್ನೇ ಸುಟ್ಟರು. 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2014ರ ಮಾರ್ಚ್ 27ಕ್ಕೆ ಬಂದ ತೀರ್ಪು, 1993ರಿಂದ ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತು. ಸಮೀಕ್ಷೆ, ಸಮುದಾಯ ಸಂಘಟನೆ, ಸಾಮಾಜಿಕ ಕ್ರಿಯೆ ಅಂತ ನಿಮ್ಮ ಪಠ್ಯದಲ್ಲಿ ಬೇರೆ ಬೇರೆ ಅಧ್ಯಾಯ ಇವೆಯಲ್ಲ, ಎಲ್ಲಾ ಇಲ್ಲಿ ಒಂದೇ ಕಡೆ ನಡೆದಿವೆ. ನಡೆಸಿದವರು "ಸೇವಾರ್ಥಿ"ಗಳೇ.

ಕ್ಷೇತ್ರಕಾರ್ಯಕ್ಕೆ ನಮ್ಮ ಕೇರಿಗಳಿಗೆ ಬರ್ತೀರಿ. ಬನ್ನಿ, ಸ್ವಾಗತ. ಸ್ವಚ್ಛತೆ ಬಗ್ಗೆ ಭಾಷಣ ಮಾಡೋಕೆ ಮೊದಲು ಕೇರಿಗೆ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ ಕೇಳಿ. ಕುಡಿತದ ಬಗ್ಗೆ ಹೇಳೋಕೆ ಮೊದಲು ಮ್ಯಾನ್‌ಹೋಲ್‌ಗೆ ಇಳಿಸೋ ಗುತ್ತಿಗೆದಾರ ಯಾರು ಕೇಳಿ. ವರದಿ ಬರೆದ ಮೇಲೆ ಅದನ್ನ ಮೊದಲು ಕೇರಿಯವರ ಎದುರೇ ಓದಿ, ತಪ್ಪಿದ್ರೆ ಅವರೇ ತಿದ್ದಲಿ.

ಆ ಪತ್ರಕ್ಕೆ ಉತ್ತರ ಇನ್ನೂ ಬಾಕಿ ಇದೆ. ನೀವಾದ್ರೂ ಬರೀರಿ.

ಜೈ ಭೀಮ್.