ಪಾಯಿಂಟ್ 22: ಹೊಲದ ಕೋವಿಯಲ್ಲ, ಗುರಿಯ ಬಂದೂಕು

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳಲ್ಲಿ ಬಂದೂಕು ಎಂದೊಡನೆ ನೆನಪಿಗೆ ಬರುವುದು ಹೊಲದ ಕಾವಲು. ಗೋವಿನಜೋಳಕ್ಕೆ ನುಗ್ಗುವ ಹಂದಿಯನ್ನೋ ಮಂಗಗಳ ಹಿಂಡನ್ನೋ ಬೆದರಿಸಲು ರೈತರು ಪರವಾನಗಿ ಪಡೆದು ಇರಿಸಿಕೊಳ್ಳುವ ಉದ್ದ ನಳಿಗೆಯ ಕೋವಿ ಅದು. ಕಾಗದದ ಮೇಲಿನ ಕಪ್ಪು ವೃತ್ತವನ್ನಷ್ಟೇ ಗುರಿಯಾಗಿಸಿಕೊಂಡ ‘ಪಾಯಿಂಟ್ 22’ ಕ್ರೀಡಾ ರೈಫಲ್ ಮತ್ತು ಪಿಸ್ತೂಲುಗಳ ಲೋಕವೇ ಬೇರೆ. ಇವೆರಡನ್ನೂ ಒಂದೆಂದು ಭಾವಿಸಿ ಮುಂದಡಿಯಿಟ್ಟವರು ಕಾನೂನಿನ ತೊಡಕಿಗೆ ಸಿಲುಕುವ ಸಾಧ್ಯತೆಯಿದೆ, ಅಪಾಯವೂ ಸಣ್ಣದಲ್ಲ.

ಪಾಯಿಂಟ್ 22 ಎಂಬುದು ನಳಿಗೆಯ ವ್ಯಾಸದ ಅಳತೆ. ಒಂದು ಅಂಗುಲದ ನೂರು ಪಾಲುಗಳಲ್ಲಿ 22 ಪಾಲು. ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ಇದು 5.6 ಮಿ.ಮೀ. ಇದರ ಕಾಡತೂಸನ್ನು ‘ರಿಮ್‌ಫೈರ್’ ಎಂದು ಕರೆಯುತ್ತಾರೆ. ಪೊಲೀಸರ ಹಾಗೂ ಸೇನೆಯ ಬಂದೂಕುಗಳ ಕಾಡತೂಸಿನಲ್ಲಿ ಕಿಡಿ ಹೊತ್ತಿಸುವ ಸ್ಫೋಟಕವು ತಳದ ನಡುವೆ, ಪ್ರತ್ಯೇಕವಾದ ಪುಟ್ಟ ಬಟ್ಟಲಿನಲ್ಲಿ ಇರುತ್ತದೆ. ರಿಮ್‌ಫೈರ್‌ನಲ್ಲಿ ಅದು ಹಿತ್ತಾಳೆ ಕೋಶದ ತಳದಂಚಿನ ಮಡಿಕೆಯೊಳಗೆ ಸುತ್ತಲೂ ಸೇರಿಕೊಂಡಿರುತ್ತದೆ. ಬಂದೂಕಿನ ಸೂಜಿ ಆ ಅಂಚನ್ನು ಜಜ್ಜಿದಾಗ ಕಿಡಿ ಹಾರಿ ಮದ್ದು ಉರಿಯುತ್ತದೆ. ಜಜ್ಜಲು ಬರುವಂತೆ ಅಂಚು ತೆಳುವಾಗಿರಲೇಬೇಕು. ತೆಳುವಾದ ಕೋಶ ಹೆಚ್ಚು ಒತ್ತಡವನ್ನು ತಾಳದು. ಹೀಗಾಗಿ ಮದ್ದು ಕಡಿಮೆ, ಸದ್ದು ಕಡಿಮೆ, ಭುಜಕ್ಕೆ ಬೀಳುವ ಒದೆತವಂತೂ ಅತ್ಯಲ್ಪ. ಒಮ್ಮೆ ಹಾರಿಸಿದ ಕೋಶವನ್ನು ಮತ್ತೆ ತುಂಬಲಾಗದು. ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ 1857ರಲ್ಲಿ ತನ್ನ ರಿವಾಲ್ವರ್‌ಗಾಗಿ ಈ ಬಗೆಯ ಗಿಡ್ಡ ಕಾಡತೂಸನ್ನು ಹೊರತಂದಿತು. ಇಂದು ಎಲ್ಲೆಡೆ ಬಳಕೆಯಲ್ಲಿರುವ ‘ಲಾಂಗ್ ರೈಫಲ್’ ಮಾದರಿ ಬಂದದ್ದು 1887ರಲ್ಲಿ. ಹೆಸರಿನಲ್ಲಿ ರೈಫಲ್ ಇದ್ದರೂ ಪಿಸ್ತೂಲಿಗೂ ಇದೇ ಕಾಡತೂಸು.

ಒದೆತದ ಅಂಜಿಕೆ ಇಲ್ಲದಿರುವುದೇ ಈ ಕ್ರೀಡೆಯ ಸೊಗಸು. ದೊಡ್ಡ ಬಂದೂಕು ಹಿಡಿದವನು ಗುಂಡು ಹಾರುವ ಮುನ್ನವೇ ಕಣ್ಣು ಮುಚ್ಚುತ್ತಾನೆ, ಭುಜ ಬಿಗಿಯುತ್ತಾನೆ. ಪಾಯಿಂಟ್ 22ರಲ್ಲಿ ಅದಕ್ಕೆ ನೆಪವಿಲ್ಲ. ಗುರಿ ತಪ್ಪಿದರೆ ಉಸಿರಿನ ಲಯವೋ, ಕುದುರೆಯನ್ನು ಎಳೆದ ಬೆರಳಿನ ಅವಸರವೋ ಕಾರಣವಾಗಿರುತ್ತದೆ. ಕಾಗದ ಅದನ್ನು ಮರೆಮಾಚದೆ ತೋರಿಸುತ್ತದೆ. 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿ.ಮೀ., ಅಂದರೆ ಅಂಗಿಯ ಗುಂಡಿಯಷ್ಟು. ಗುಂಡು ಅಷ್ಟು ದೂರ ಕ್ರಮಿಸಲು ಸೆಕೆಂಡಿನ ಆರನೇ ಒಂದು ಪಾಲು ಸಾಕು. ಆದರೂ ಅಡ್ಡಗಾಳಿ ಅದನ್ನು ಪಕ್ಕದ ವೃತ್ತಕ್ಕೆ ತಳ್ಳಬಲ್ಲದು. ಸಾವಿರಾರು ಜನರ ಕೇಕೆಯ ನಡುವೆ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಯನ್ನು ಕಂಡು ಬೆಳೆದ ಈ ಸೀಮೆಯವರಿಗೆ ಇಷ್ಟು ನಿಶ್ಶಬ್ದವಾದ ಆಟ ಮೊದಮೊದಲು ನೀರಸವೆನಿಸಿದರೆ ಅಚ್ಚರಿಯಿಲ್ಲ.

ರೈಫಲ್‌ನ ಮುಖ್ಯ ಒಲಿಂಪಿಕ್ ಸ್ಪರ್ಧೆಯಲ್ಲಿ ಮಂಡಿಯೂರಿ, ಮಲಗಿ, ನಿಂತು ತಲಾ 20 ಗುಂಡು ಹಾರಿಸಬೇಕು. ಮಹಿಳೆಯರ 25 ಮೀಟರ್ ಪಿಸ್ತೂಲು ಸ್ಪರ್ಧೆಯ ಮೊದಲ 30 ಗುಂಡುಗಳು ನಿಧಾನದವು. ಉಳಿದ 30ರಲ್ಲಿ ಪ್ರತಿ ಗುಂಡಿಗೂ ದೊರೆಯುವ ಅವಧಿ ಮೂರೇ ಸೆಕೆಂಡು. ಪುರುಷರ ರ‍್ಯಾಪಿಡ್ ಫೈರ್ ಇನ್ನೂ ಕಠಿಣ: ಸಾಲಾಗಿರುವ ಐದು ಗುರಿಗಳಿಗೆ ಮೊದಲು 8, ಬಳಿಕ 6, ಕೊನೆಗೆ 4 ಸೆಕೆಂಡುಗಳಲ್ಲಿ ಐದು ಗುಂಡು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದರಲ್ಲಿಯೇ.

ಶಿಗ್ಗಾವಿಯನ್ನು ಹಾದು ಹುಬ್ಬಳ್ಳಿ, ಬೆಳಗಾವಿ ಮಾರ್ಗವಾಗಿ ಸಾಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಗಡಿ ದಾಟಿದರೆ ಕೊಲ್ಹಾಪುರ. 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ಪ್ರೋನ್ ರೈಫಲ್‌ನ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್, 2018ರ ಏಷ್ಯನ್ ಕ್ರೀಡಾಕೂಟದಲ್ಲಿ 25 ಮೀಟರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದ ರಾಹಿ ಸರ್ನೋಬತ್ ಆ ಊರಿನವರು. 2024ರ ಆಗಸ್ಟ್ 1ರಂದು ಪ್ಯಾರಿಸ್‌ನಲ್ಲಿ 451.4 ಅಂಕಗಳೊಂದಿಗೆ ಕಂಚು ಪಡೆದ ಸ್ವಪ್ನಿಲ್ ಕುಸಾಳೆ ಅದೇ ಜಿಲ್ಲೆಯ ರಾಧಾನಗರಿ ತಾಲ್ಲೂಕಿನ ಕಂಬಳವಾಡಿ ಗ್ರಾಮದವರು. ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿದ್ದವರು. ಮೂವರ ಕೈಯಲ್ಲಿದ್ದದ್ದೂ ಪಾಯಿಂಟ್ 22. ಕುಸ್ತಿಯ ಹುಚ್ಚಿನಲ್ಲಿ ಹಾವೇರಿಯನ್ನು ಹೋಲುವ ನೆಲದಿಂದ ಇವರು ಬಂದಿದ್ದಾರೆ ಎಂಬುದು ಗಮನಾರ್ಹ. ಹೊಲದ ಕೋವಿಯಿಂದ ಹುಟ್ಟಿದ ಸಾಧನೆ ಇದಲ್ಲ. ಶೂಟಿಂಗ್ ರೇಂಜ್, ತರಬೇತುದಾರ ಮತ್ತು ಕ್ರೀಡಾ ಪ್ರಬೋಧಿನಿಯಂಥ ಸರ್ಕಾರಿ ಯೋಜನೆಯ ಬೆಂಬಲ ಇದರ ಹಿಂದಿದೆ.

ಕರ್ನಾಟಕದಲ್ಲಿ ಈ ಕ್ರೀಡೆ ಬಹುಮಟ್ಟಿಗೆ ಬೆಂಗಳೂರನ್ನೇ ನೆಚ್ಚಿಕೊಂಡಿದೆ. 2016ರ ರಿಯೊ ಒಲಿಂಪಿಕ್ಸ್‌ನ 50 ಮೀಟರ್ ಪಿಸ್ತೂಲಿನಲ್ಲಿ ದೇಶವನ್ನು ಪ್ರತಿನಿಧಿಸಿದ ಪ್ರಕಾಶ್ ನಂಜಪ್ಪ ಅಲ್ಲಿಯವರು. ಆ ಸ್ಪರ್ಧೆಯನ್ನು ನಂತರ ಒಲಿಂಪಿಕ್ಸ್‌ನಿಂದ ಕೈಬಿಡಲಾಯಿತು. ಇನ್ನು ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ವೇಳೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳು ನಡೆಯುತ್ತವೆ. ಅದನ್ನು ಕಂಡು ‘ಅವರಿಗಿರುವುದು ನಮಗೇಕಿಲ್ಲ’ ಎಂದು ಕೇಳುವವರುಂಟು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದಿರುವ ವಿಶೇಷ ವಿನಾಯಿತಿ ಅದು. ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿದೆ. ಅನ್ಯ ಜಿಲ್ಲೆಗಳಿಗೆ ಅದು ಅನ್ವಯಿಸದು.

ಹಾಗಾದರೆ ತಾಲ್ಲೂಕು ಕೇಂದ್ರದ ವಿದ್ಯಾರ್ಥಿಗೆ ದಾರಿ ಯಾವುದು? ಅತ್ಯಂತ ಹತ್ತಿರದ ಬಾಗಿಲು ಎನ್‌ಸಿಸಿ. ಅದರ ಶಿಬಿರಗಳಲ್ಲಿ ಕೆಡೆಟ್‌ಗಳು 25 ಗಜ ದೂರದ ಗುರಿಗೆ ಹಾರಿಸುವುದು ಪಾಯಿಂಟ್ 22 ರೈಫಲ್‌ನಿಂದಲೇ. ಎರಡನೆಯದು 10 ಮೀಟರ್ ಏರ್ ರೈಫಲ್ ಅಥವಾ ಏರ್ ಪಿಸ್ತೂಲು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ನಳಿಗೆಯ, 20 ಜೌಲ್ ಮೀರದ ಶಕ್ತಿಯ ಏರ್‌ಗನ್‌ಗೆ ಪರವಾನಗಿಯ ಅಗತ್ಯವಿಲ್ಲ. ದೊಡ್ಡದೊಂದು ಕೊಠಡಿ ಅಥವಾ ಶಾಲೆಯ ಸಭಾಂಗಣ ಇದ್ದರೂ ಅಭ್ಯಾಸ ಸಾಧ್ಯ. ನಿಲುವು, ಉಸಿರು, ಕುದುರೆಯ ಮೇಲಿನ ಹಿಡಿತ ಎಲ್ಲವನ್ನೂ ಇಲ್ಲಿಯೇ ಕಲಿಯಬಹುದು. ಏರ್‌ಗನ್‌ನಲ್ಲಿ ಕೈ ಪಳಗಿದ ಬಳಿಕವೇ ಪಾಯಿಂಟ್ 22ರತ್ತ ಹೊರಳುವುದು ಲೇಸು. ಮೂರನೆಯದು ಮಾನ್ಯತೆ ಪಡೆದ ರೈಫಲ್ ಕ್ಲಬ್ ಅಥವಾ ಸಂಸ್ಥೆಯ ಸದಸ್ಯತ್ವ. ರಾಜ್ಯಮಟ್ಟದಲ್ಲಿ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ ಇದ್ದು, 1951ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ರೈಫಲ್ ಸಂಸ್ಥೆಯ ಸ್ಪರ್ಧೆಗಳಿಗೆ ದಾರಿ ಅಲ್ಲಿಂದಲೇ. ಲೋಕಸಭೆಯ ಪ್ರಥಮ ಸ್ಪೀಕರ್ ಜಿ.ವಿ. ಮಾವಳಂಕರ್ ಹೆಸರಿನ ಅಖಿಲ ಭಾರತ ಚಾಂಪಿಯನ್‌ಷಿಪ್ ಈ ಏಣಿಯ ಒಂದು ಮುಖ್ಯ ಮೆಟ್ಟಿಲು.

ಸದಸ್ಯತ್ವಕ್ಕೆ ಇಷ್ಟು ಒತ್ತು ನೀಡಲು ಕಾರಣವಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಪ್ರಕರಣ ಬೆಳೆ ರಕ್ಷಣೆಯ ಕೋವಿ ಮತ್ತು ಗುರಿ ಅಭ್ಯಾಸದ ಬಂದೂಕು ಎರಡನ್ನೂ ಅಕ್ಕಪಕ್ಕದಲ್ಲಿಯೇ ಪ್ರಸ್ತಾಪಿಸುತ್ತದೆ, ಆದರೆ ಬೇರೆ ಬೇರೆಯಾಗಿ. ಮೊದಲನೆಯದಕ್ಕೆ ಆಧಾರ ಹೊಲ. ಎರಡನೆಯದಕ್ಕೆ ಆಧಾರ ಕೇಂದ್ರ ಸರ್ಕಾರದ ಮಾನ್ಯತೆ ಪಡೆದ ರೈಫಲ್ ಕ್ಲಬ್ ಅಥವಾ ಸಂಸ್ಥೆಯ ಸದಸ್ಯತ್ವ. ಹೊಲದ ಪಹಣಿ ತೋರಿಸಿ ಕ್ರೀಡಾ ರೈಫಲ್ ಕೇಳುವಂತಿಲ್ಲ. ಈ ನಾಲ್ಕೂ ತಾಲ್ಲೂಕುಗಳವರು ಅರ್ಜಿ ಸಲ್ಲಿಸಬೇಕಾದದ್ದು ಹಾವೇರಿಯ ಜಿಲ್ಲಾಧಿಕಾರಿಗೆ. ಪೊಲೀಸ್ ವರದಿ, ಸುರಕ್ಷಿತ ಬಳಕೆಯ ತರಬೇತಿಯ ಪ್ರಮಾಣಪತ್ರ ಅಗತ್ಯ. ಸಾಮಾನ್ಯ ಪರವಾನಗಿಗೆ 21 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ಬಳಿಕ ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ, ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಪದಕ ವಿಜೇತ ಶೂಟರ್‌ಗಳಿಗೆ ಪ್ರತ್ಯೇಕ ರಿಯಾಯಿತಿಗಳಿವೆ.

‘ಚಿಕ್ಕ ಗುಂಡು ತಾನೇ’ ಎಂಬ ಉದಾಸೀನ ಮಾತ್ರ ಸಲ್ಲದು. 2.6 ಗ್ರಾಂ ತೂಕದ ಆ ಸೀಸದ ತುಣುಕು ನಳಿಗೆಯಿಂದ ಹೊರಡುವಾಗ ಸುಮಾರು 140 ಜೌಲ್ ಶಕ್ತಿ ಹೊಂದಿರುತ್ತದೆ. ಮೇಲ್ಮುಖವಾಗಿ ಹಾರಿದರೆ ಒಂದೂವರೆ ಕಿಲೋಮೀಟರ್ ಸಾಗಬಲ್ಲದು. ಸವಣೂರಿನ ಬಯಲು ಎರೆಹೊಲದಲ್ಲಿ ಅಷ್ಟು ದೂರದೊಳಗೆ ಕಳೆ ತೆಗೆಯುವ ಎಷ್ಟು ಜನರಿರುತ್ತಾರೆ ಎಂಬುದನ್ನು ಲೆಕ್ಕ ಹಾಕಬಹುದು. ಹಾನಗಲ್ ಕಡೆಯ ಕೆರೆಯ ನೀರಿಗೋ, ಬದುವಿನ ಕಲ್ಲಿಗೋ ತಗುಲಿದ ಗುಂಡು ಚಿಮ್ಮಿ ಇನ್ನೆತ್ತಲೋ ಹೊರಳುತ್ತದೆ. ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬವಿರುವ, ಅನುಮತಿ ಪಡೆದ ರೇಂಜ್‌ನಲ್ಲಿಯೇ ಅಭ್ಯಾಸ ನಡೆಸಬೇಕೆನ್ನುವುದು ಇದಕ್ಕಾಗಿಯೇ. ಜಾತ್ರೆ, ಮದುವೆ, ವಿಜಯೋತ್ಸವಗಳಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ವಿಧಿಸಬಹುದು. ಹಕ್ಕಿ, ಮೊಲಗಳ ಮೇಲೆ ಕೈ ಪಳಗಿಸಲು ಹೊರಟವರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಉತ್ತರಿಸಬೇಕಾಗುತ್ತದೆ.

ರೇಂಜ್‌ನಲ್ಲಿ ಪಾಲಿಸಬೇಕಾದ ಕೆಲವು ರೂಢಿಗಳಿವೆ. ನಳಿಗೆ ಸದಾ ಗುರಿಯತ್ತಲೇ ಇರಬೇಕು; ಹಾರಿಸುವ ಕ್ಷಣದವರೆಗೆ ಬೆರಳು ಕುದುರೆಯ ಹೊರಗಿರಬೇಕು. ರಿಮ್‌ಫೈರ್‌ನಲ್ಲಿ ಕಾಡತೂಸು ಹೊತ್ತದೆ ಉಳಿಯುವುದು ಅಪರೂಪವಲ್ಲ. ಹಾಗಾದಾಗ ತಕ್ಷಣ ಬಿಚ್ಚದೆ, ನಳಿಗೆಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷ ಕಾದು ಹೊರತೆಗೆಯಬೇಕು. ಸದ್ದು ಕಡಿಮೆಯೆಂದು ಕಿವಿಗಾಪು ಬಿಡಬಾರದು. ಗುಂಡು ಸೀಸದ್ದಾದ್ದರಿಂದ ಕೈ ತೊಳೆಯದೆ ಏನನ್ನೂ ತಿನ್ನಬಾರದು.

ಚುನಾವಣೆ ಘೋಷಣೆಯಾದಾಗ ಪರವಾನಗಿ ಹೊಂದಿದ ಬಂದೂಕುಗಳನ್ನು ಠಾಣೆಗೆ ಒಪ್ಪಿಸುವಂತೆ ಜಿಲ್ಲಾಡಳಿತ ಆದೇಶ ಹೊರಡಿಸುತ್ತದೆ. ಸ್ಪರ್ಧೆಗಳಲ್ಲಿ ಭಾಗವಹಿಸುವ ಶೂಟರ್‌ಗಳಿಗೆ ಇಂಥ ಆದೇಶಗಳಲ್ಲಿ ವಿನಾಯಿತಿ ನೀಡುವುದುಂಟು. ಬಯಸುವವರು ಸಂಸ್ಥೆಯ ಸದಸ್ಯತ್ವದ ದಾಖಲೆ ಹಾಗೂ ಸ್ಪರ್ಧೆಯ ವೇಳಾಪಟ್ಟಿಯೊಂದಿಗೆ ಜಿಲ್ಲಾಧಿಕಾರಿ ಕಚೇರಿಗೆ ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು.