ಲೆಕ್ಕಕ್ಕೆ ಬಾರದ ಸಾವುಗಳು

ಪರೇಲಿನ ಆಚಾರ್ಯ ದೋಂಡೆ ಮಾರ್ಗ ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ಊರಿನಿಂದ ಟಾಟಾ ಆಸ್ಪತ್ರೆಗೋ ಕೆ.ಇ.ಎಂ.ಗೋ ಬಂದ ನೆಂಟರನ್ನು ಕರೆದುಕೊಂಡು ನಮ್ಮಲ್ಲಿ ಬಹಳ ಮಂದಿ ಅಲ್ಲಿ ಓಡಾಡಿದ್ದೇವೆ. ಅದೇ ರಸ್ತೆಯಲ್ಲಿ ಹಾಫ್‌ಕಿನ್ ಸಂಸ್ಥೆಯ ಹಳೆಯ ಕಟ್ಟಡವಿದೆ. ಒಂದು ಕಾಲಕ್ಕೆ ಅದು ಗವರ್ನರರ ಬಂಗಲೆ. ಪ್ಲೇಗಿಗೆ ಲಸಿಕೆ ಕಂಡುಹಿಡಿದ ವಾಲ್ಡೆಮಾರ್ ಹಾಫ್‌ಕಿನ್ ಅವರ ಪ್ರಯೋಗಾಲಯ 1899ರಲ್ಲಿ ಅಲ್ಲಿಗೆ ಬಂತು. ಈ ಕಟ್ಟಡದ ಹೆಸರು ಕೇಳಿದರೆ ಎಲ್ಲರಿಗೂ ನೆನಪಾಗುವುದು ಪ್ಲೇಗು. ಹಾವಿನ ವಿಷಕ್ಕೆ ಮದ್ದು ಹುಡುಕಿದ ಚರಿತ್ರೆಯಲ್ಲೂ ಅದಕ್ಕೆ ಪಾಲಿದೆ ಎಂಬುದು ಕಡಿಮೆ ಜನರಿಗೆ ಗೊತ್ತು.

ಆ ಗೇಟಿನ ಮುಂದೆ ಹಾದುಹೋಗುವಾಗ ನನಗೆ ನಮ್ಮೂರಿನ ಒಬ್ಬ ಹೆಂಗಸು ನೆನಪಾಗುತ್ತಾರೆ. ಮಳೆಗಾಲದ ಒಂದು ರಾತ್ರಿ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದರು. ನಡುರಾತ್ರಿ ಹೊಟ್ಟೆನೋವೆಂದು ಎದ್ದರು. ಬೆಳಗಾಗುವ ಹೊತ್ತಿಗೆ ರೆಪ್ಪೆ ಎತ್ತಲಾಗಲಿಲ್ಲ, ಮಾತು ತೊದಲಿತು, ಆಮೇಲೆ ಉಸಿರು ನಿಂತಿತು. “ಹುಳ ಮುಟ್ಟಿರಬೇಕು” ಎಂದರು ನಮ್ಮಜ್ಜಿ. ಹಾವಿನ ಹೆಸರು ಬಾಯಲ್ಲಿ ಹೇಳಬಾರದೆಂಬುದು ಅವರ ನಂಬಿಕೆ. ಕಟ್ಟುಹಾವು ಕಚ್ಚಿದರೆ ಹೀಗೆಯೇ ಆಗುತ್ತದೆ. ಗಾಯ ಕಾಣುವುದಿಲ್ಲ, ನೋವೂ ಅಷ್ಟಾಗಿ ಇರುವುದಿಲ್ಲ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅವತ್ತು ಆಸ್ಪತ್ರೆಗೆ ಯಾರೂ ಹೋಗಲಿಲ್ಲ, ಪೊಲೀಸರಿಗೆ ಯಾರೂ ಹೇಳಲಿಲ್ಲ. ಮಣ್ಣು ಮಾಡಿ ಬಂದರು. ಆ ಸಾವು ಯಾವ ಲೆಕ್ಕಕ್ಕೂ ಸೇರಲಿಲ್ಲ.

ನಮ್ಮ ದೇಶದಲ್ಲಿ ಹಾವು ಕಡಿತದ ಚರಿತ್ರೆ ಎಂದರೆ ಬಹುಮಟ್ಟಿಗೆ ಈ ಲೆಕ್ಕದ ಚರಿತ್ರೆಯೇ.

ದೊಡ್ಡ ಮಟ್ಟದಲ್ಲಿ ಲೆಕ್ಕ ಹಾಕಲು ಹೊರಟವರಲ್ಲಿ ಮೊದಲಿಗರು ಜೋಸೆಫ್ ಫೇರರ್, ಕಲ್ಕತ್ತೆಯಲ್ಲಿದ್ದ ಬ್ರಿಟಿಷ್ ವೈದ್ಯ. ಭಾರತದ ವಿಷಸರ್ಪಗಳ ಬಗ್ಗೆ ಅವರು ಬರೆದ ದೊಡ್ಡ ಗ್ರಂಥ 1872ರಲ್ಲಿ ಹೊರಬಂತು. 1869ರಲ್ಲಿ ಹಾವು ಕಚ್ಚಿ ಸತ್ತವರೆಷ್ಟು ಎಂದು ಅವರು ಪ್ರಾಂತ್ಯಗಳಿಂದ ಅಂಕಿ ತರಿಸಿದರು. ಸಿಕ್ಕಿದ ಮೊತ್ತ 11,416. ಇದು ಇಡೀ ದೇಶದ್ದಲ್ಲ, ಕೆಲವು ಪ್ರಾಂತ್ಯಗಳದ್ದು ಮಾತ್ರ. ಸರಿಯಾಗಿ ಎಣಿಸಿದರೆ 20,000 ದಾಟುತ್ತದೆ ಎಂದು ಫೇರರ್ ಅವರೇ ಅಂದಾಜು ಮಾಡಿದ್ದರು.

ಅಂಕಿ ಕಂಡ ಸರ್ಕಾರ ಹಾವು ಕೊಂದವರಿಗೆ ಇನಾಮು ಕೊಟ್ಟಿತು. ಲಕ್ಷಗಟ್ಟಲೆ ಹಾವುಗಳು ಸತ್ತವು. ಆದರೂ ಹತ್ತೊಂಬತ್ತನೆಯ ಶತಮಾನ ಮುಗಿಯುವ ತನಕ ಸರ್ಕಾರಿ ವರದಿಗಳಲ್ಲಿ ಸತ್ತವರ ಸಂಖ್ಯೆ ವರ್ಷಕ್ಕೆ 20,000ದ ಆಸುಪಾಸಿನಲ್ಲೇ ಉಳಿಯಿತು.

ಆ ಹೊತ್ತಿಗೆ ಮದ್ದಿನ ದಾರಿ ತೆರೆದಿತ್ತು. ಸೈಗಾನಿನಲ್ಲಿ ನಾಗರಹಾವಿನ ವಿಷದ ಮೇಲೆ ಕೆಲಸ ಮಾಡಿದ್ದ ಫ್ರೆಂಚ್ ವೈದ್ಯ ಆಲ್ಬೇರ್ ಕಾಲ್ಮೆಟ್ 1890ರ ದಶಕದ ನಡುವೆ ಪ್ರತಿವಿಷ ತಯಾರಿಸಿದರು. ಪ್ರಾಣಿಯ ಮೈಗೆ ಸ್ವಲ್ಪ ಸ್ವಲ್ಪವಾಗಿ ವಿಷ ಚುಚ್ಚುತ್ತಾ ಬಂದರೆ ಅದರ ರಕ್ತದಲ್ಲಿ ವಿಷವನ್ನು ಎದುರಿಸುವ ಶಕ್ತಿ ಹುಟ್ಟುತ್ತದೆ. ಆ ರಕ್ತದ ದ್ರವವೇ ಮದ್ದು. ಇಂದಿಗೂ ಕುದುರೆಗಳಿಂದ ಹೀಗೆಯೇ ತೆಗೆಯುತ್ತಾರೆ. ಒಂದೇ ಮದ್ದು ಎಲ್ಲ ಹಾವಿಗೂ ಸಾಕೆಂದು ಕಾಲ್ಮೆಟ್ ನಂಬಿದ್ದರು. ಸಾಲದು ಎಂದು ತೋರಿಸಿದವರಲ್ಲಿ ಒಬ್ಬರು ಪರೇಲಿನ ಪ್ರಯೋಗಾಲಯದಲ್ಲಿದ್ದ ಜಾರ್ಜ್ ಲ್ಯಾಂಬ್. ನಾಗರಹಾವಿಗೆ ಮಾಡಿದ ಮದ್ದು ಕೊಳಕುಮಂಡಲದ ವಿಷಕ್ಕೆ ನಾಟುವುದಿಲ್ಲ. ಆಮೇಲೆ ಕಸೌಲಿಯಲ್ಲೂ ಪರೇಲಿನಲ್ಲೂ ಪ್ರತಿವಿಷ ತಯಾರಾಯಿತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಸೇರಿ ಒಂದೇ ಚುಚ್ಚುಮದ್ದು ಬಂದದ್ದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ.

ಮದ್ದು ಬಂದ ಮೇಲೆ ಸಾವು ಇಳಿಯಬೇಕಲ್ಲವೆ? ಕಾಗದದ ಮೇಲೆ ಇಳಿಯಿತು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಸರ್ಕಾರಿ ಆಸ್ಪತ್ರೆಗಳ ಲೆಕ್ಕದಲ್ಲಿ ವರ್ಷಕ್ಕೆ ಸಾವಿರದ ಮೇಲೆ ಕೆಲವು ನೂರು ಸಾವುಗಳಷ್ಟೇ ಇದ್ದವು. ಫೇರರ್ ಅವರ ಅರ್ಧಂಬರ್ಧ ಲೆಕ್ಕಕ್ಕಿಂತಲೂ ಇದು ಎಷ್ಟೋ ಕಡಿಮೆ.

ನಿಜ ಗೊತ್ತಾದದ್ದು ಆಸ್ಪತ್ರೆ ಬಿಟ್ಟು ಮನೆ ಬಾಗಿಲಿಗೆ ಹೋಗಿ ಕೇಳಿದಾಗ. ‘ಮಿಲಿಯನ್ ಡೆತ್ ಸ್ಟಡಿ’ ಎಂಬ ಅಧ್ಯಯನದಲ್ಲಿ ಗಣತಿಯವರು ದೇಶದ ಆರು ಸಾವಿರಕ್ಕೂ ಹೆಚ್ಚು ಆಯ್ದ ಪ್ರದೇಶಗಳಲ್ಲಿ, 2001ರಿಂದ 2003ರವರೆಗೆ ಸಾವು ಕಂಡ ಮನೆಗಳಿಗೆ ಹೋದರು. ಹೇಗೆ ಸತ್ತರು, ಏನೇನು ಲಕ್ಷಣವಿತ್ತು ಎಂದು ಮನೆಯವರನ್ನು ಕೇಳಿ ಬರೆದುಕೊಂಡರು. ಅದನ್ನು ಓದಿ ವೈದ್ಯರು ಕಾರಣ ನಿರ್ಧರಿಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ 2005ರಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 45,900. ಆಸ್ಪತ್ರೆ ಲೆಕ್ಕದ ಮೂವತ್ತು ಪಟ್ಟು! ಸತ್ತವರಲ್ಲಿ ನೂರಕ್ಕೆ 97 ಮಂದಿ ಹಳ್ಳಿಯವರು. ಮುಕ್ಕಾಲು ಪಾಲು ಜನ ಆಸ್ಪತ್ರೆಯ ಹೊರಗೇ ಸತ್ತಿದ್ದರು. ಆಸ್ಪತ್ರೆಯ ಪುಸ್ತಕದಲ್ಲಿ ಅವರು ಇರುವುದಾದರೂ ಹೇಗೆ?

2020ರಲ್ಲಿ ಬಂದ ಮುಂದಿನ ಅಧ್ಯಯನ 2000ದಿಂದ 2019ರವರೆಗಿನ ಸಾವುಗಳನ್ನು 12 ಲಕ್ಷ ಎಂದು ಅಂದಾಜು ಮಾಡಿತು. ವರ್ಷಕ್ಕೆ ಸರಾಸರಿ 58,000. ಕಾಲು ಭಾಗಕ್ಕಿಂತ ಹೆಚ್ಚು ಹದಿನೈದು ತುಂಬದ ಮಕ್ಕಳು. ಸುಮಾರು ಅರ್ಧದಷ್ಟು ಸಾವುಗಳು ಜೂನಿನಿಂದ ಸೆಪ್ಟೆಂಬರಿನವರೆಗಿನ ಬಿತ್ತನೆ, ನಾಟಿ, ಕಳೆ ಕೀಳುವ ತಿಂಗಳುಗಳಲ್ಲಿ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ಕಾಲಾ ಆಜಾರ್, ಆನೆಕಾಲು, ಕುಷ್ಠಗಳ ಜೊತೆ ‘ನಿರ್ಲಕ್ಷಿತ ಉಷ್ಣವಲಯದ ರೋಗ’ಗಳ ಪಟ್ಟಿಗೆ ಸೇರಿಸಿತು. ನಿರ್ಲಕ್ಷಿತ ಎಂಬ ಮಾತು ರೋಗಕ್ಕಿಂತ ರೋಗಿಗೇ ಹೆಚ್ಚು ಸಲ್ಲುತ್ತದೆ. ಬರಿಗಾಲಲ್ಲಿ ಗದ್ದೆಗೆ ಇಳಿಯುವವರು, ನೆಲದಲ್ಲಿ ಮಲಗುವವರು ಸಾಯುವ ಕಾಯಿಲೆಗೆ ಪೇಟೆಯಲ್ಲಿ ಸುದ್ದಿಯಿಲ್ಲ.

ಲೆಕ್ಕ ತಪ್ಪಿದರೆ ಮದ್ದೂ ತಪ್ಪುತ್ತದೆ. ಎಷ್ಟು ಜನ, ಯಾವ ತಾಲ್ಲೂಕಿನಲ್ಲಿ, ಯಾವ ಹಾವಿನಿಂದ ಎಂದು ತಿಳಿಯದೆ ಯಾವ ಆಸ್ಪತ್ರೆಗೆ ಎಷ್ಟು ಬಾಟಲಿ ಕಳಿಸುವುದು? ಹಾವೂ ಎಲ್ಲ ಕಡೆ ಒಂದೇ ಅಲ್ಲ. ಪ್ರತಿವಿಷಕ್ಕೆ ಬೇಕಾದ ವಿಷದ ಬಹುಪಾಲನ್ನು ದಶಕಗಳಿಂದ ಒದಗಿಸಿದವರು ಚೆನ್ನೈ ಹತ್ತಿರದ ಇರುಳ ಬುಡಕಟ್ಟಿನ ಹಾವು ಹಿಡಿಯುವವರು. ಅವರ ಸಹಕಾರ ಸಂಘ ಹುಟ್ಟಿದ್ದು 1978ರಲ್ಲಿ. ಆದರೆ ತಮಿಳುನಾಡಿನ ಹಾವಿನ ವಿಷದಿಂದ ಮಾಡಿದ ಮದ್ದು ಬೇರೆ ಪ್ರದೇಶದ ಅದೇ ಜಾತಿಯ ಹಾವಿನ ವಿಷಕ್ಕೆ ಕೆಲವೊಮ್ಮೆ ಅಷ್ಟಾಗಿ ಕೆಲಸ ಮಾಡುವುದಿಲ್ಲ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ತೋರಿಸಿದ್ದಾರೆ. ಪರೇಲಿನಲ್ಲಿ ಲ್ಯಾಂಬ್ ಕಲಿಸಿದ ಪಾಠದ ಮುಂದುವರಿಕೆಯೇ ಇದು.

ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಅಂದರೆ ಸರ್ಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆಗಳು ಲೆಕ್ಕ ಒಪ್ಪಿಸಬೇಕು. ಮರುತಿಂಗಳು ಕೇಂದ್ರ ಸರ್ಕಾರ 2030ರೊಳಗೆ ಸಾವುಗಳನ್ನು ಅರ್ಧಕ್ಕಿಳಿಸುವ ಯೋಜನೆ ಪ್ರಕಟಿಸಿತು. ಒಳ್ಳೆಯ ಕೆಲಸ. ಆದರೆ ಆಸ್ಪತ್ರೆಗೇ ಬಾರದವರನ್ನು ಆಸ್ಪತ್ರೆ ಎಣಿಸಲಾರದು.

ಅಲ್ಲಿ ನಾವು, ಊರು ಬಿಟ್ಟವರು, ಮಾಡಬಹುದಾದ್ದು ಸ್ವಲ್ಪವಿದೆ. ಈ ಮಳೆಗಾಲದಲ್ಲಿ ಮನೆಗೆ ಫೋನ್ ಮಾಡಿದಾಗ ಮಳೆ ಬೆಳೆ ವಿಚಾರಿಸಿದ ಮೇಲೆ ಇನ್ನೆರಡು ಮಾತು ಹೇಳಿ: ರಾತ್ರಿ ಬ್ಯಾಟರಿ ಹಿಡಿದೇ ಹೊರಗೆ ಹೋಗಿ, ಸೊಳ್ಳೆಪರದೆ ಕಟ್ಟಿ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿ. ಕಚ್ಚಿದರೆ ಗಾಯ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಮಂತ್ರ ಹಾಕಿಸಲು ಹೊತ್ತು ಕಳೆಯಬೇಡಿ, ಪ್ರತಿವಿಷವಿರುವ ಆಸ್ಪತ್ರೆಗೆ ಹೋಗಿ. ಬೆಳಗಿನ ಜಾವ ಯಾರಿಗಾದರೂ ಹೊಟ್ಟೆನೋವು ಬಂದು ರೆಪ್ಪೆ ಇಳಿಯತೊಡಗಿದರೆ, ಗಾಯ ಕಾಣದಿದ್ದರೂ ಹೊರಡಿ. ಅಲ್ಲಿ ಹೋಗಿ “ಹುಳ ಮುಟ್ಟಿತು” ಎನ್ನಬೇಡಿ. ಹಾವು ಎಂದೇ ಹೇಳಿ, ಹಾವು ಎಂದೇ ಬರೆಸಿ.